ಎರಡನೆಯ ಸಾಕ್ಷಿ

ಏಪ್ರಿಲ್ ಹನ್ನೆರಡರ ಡ್ರಾಯರು ಜಪ್ಪಯ್ಯ ಅಂದರೂ ಬರಲಿಲ್ಲ. ಮಗಳು ಒಂದು ಕಾಲನ್ನು ಬೀರುವಿಗೆ ಒತ್ತಿಟ್ಟು, ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ಜಗ್ಗಿದಳು. ಹನ್ನೊಂದು ಸಲೀಸಾಗಿ ಸರಿಯುತ್ತಿತ್ತು, ಹದಿಮೂರೂ ಸರಿಯುತ್ತಿತ್ತು. ನಡುವಿನ ಇದೊಂದಕ್ಕೆ ಮಾತ್ರ ಇಲ್ಲದ ಹಟ.

"ಸಿಕ್ತಾ ಅಕ್ಕಾ?" ಎಂದು ಬಾಗಿಲಲ್ಲಿ ನಿಂತವನು ಕೇಳಿದ. ಅವನು ಪತ್ರಿಕೆಯಲ್ಲಿ ಆರನೆಯ ಪುಟ ಕಟ್ಟುವವನು. ಬೆಳಗ್ಗೆಯಿಂದ ಹೀಗೆ ಬಂದು ಕೇಳುತ್ತಿರುವುದು ಇದು ಮೂರನೆಯ ಸಲ.

"ಡ್ರಾಯರೇ ಬರ್ತಿಲ್ಲ."

"ಮೆಲ್ಲಗೆ. ಅದರೊಳಗೆ ಎಷ್ಟು ರಾಜರು ಸತ್ತಿದ್ದಾರೋ ಏನೋ."

ಮುಂದಿನ ಕೋಣೆಯಲ್ಲಿ ಅಪ್ಪ ಶವಪೆಟ್ಟಿಗೆಯೊಳಗೆ ಮಲಗಿದ್ದರು. ನಿನ್ನೆ ಬೆಳಗ್ಗೆ ಚಹಾ ಕುಡಿದು, ಕನ್ನಡಕ ಒರೆಸಿ, ಅದನ್ನು ಮತ್ತೆ ಹಾಕಿಕೊಳ್ಳುವ ಮೊದಲೇ ಮೇಜಿನ ಮುಂದೆ ಹೋಗಿಬಿಟ್ಟಿದ್ದರು. ಎಂಬತ್ತೊಂದು ವರ್ಷ. ನಲವತ್ತಾರು ವರ್ಷಗಳಿಂದ ಅವರು ಬರೆದದ್ದು ಒಂದೇ ಅಂಕಣ, ಅದರ ಹೆಸರು 'ಈ ದಿನ'. ಹಿಂದೆ ಇದೇ ತಾರೀಖಿಗೆ ಲೋಕದಲ್ಲಿ ಏನೇನು ಆಯಿತು ಎಂಬುದರ ಐದು ಸಾಲು, ದಿನಾ, ಒಂದು ದಿನವೂ ತಪ್ಪದೆ. ಊರಿನವರು ಅವರ ನಿಜವಾದ ಹೆಸರನ್ನು ಯಾವತ್ತೋ ಮರೆತು 'ಈದಿನಪ್ಪ' ಎಂದು ಕರೆಯುತ್ತಿದ್ದರು. ಮುಚ್ಚಿಹೋದ ಔಷಧಿ ಅಂಗಡಿಯಿಂದ ತಂದ ಒಂದು ಬೀರುವಿನಲ್ಲಿ ಮುನ್ನೂರ ಅರವತ್ತಾರು ಪುಟ್ಟ ಡ್ರಾಯರುಗಳು; ಅಷ್ಟರಲ್ಲಿ ಮನುಷ್ಯಕುಲದ ಸಮಾಚಾರವೆಲ್ಲ ಅಡಗಿ ಕೂತಿತ್ತು.

ಪುಟ ಕಟ್ಟುವವನು ಜೇಬಿನಿಂದ ಒಂದು ಹಾಳೆ ತೆಗೆದು ಅವಳ ಮುಂದೆ ಹಿಡಿದ. "ನೋಡಿ. ನಾಳೆಯ ಅಂಕಣ. ಮೊನ್ನೇನೇ ಕಳಿಸಿದ್ರು. ನಾಲ್ಕೇ ಸಾಲು ಇದೆ."

ಅಪ್ಪನ ದುಂಡು ಅಕ್ಷರ. ಭೂಮಿಯೇ ಸುತ್ತುತ್ತದೆ ಎಂದ ವಿಜ್ಞಾನಿಯ ವಿಚಾರಣೆ ಶುರುವಾದದ್ದು ೧೬೩೩ರಲ್ಲಿ. ಪೋಲಿಯೋ ಲಸಿಕೆ ಫಲಕಾರಿ ಎಂದು ಸಾರಿದ್ದು ೧೯೫೫ರಲ್ಲಿ. ಮನುಷ್ಯನೊಬ್ಬ ಮೊದಲ ಬಾರಿಗೆ ಬಾಹ್ಯಾಕಾಶಕ್ಕೆ ಹೋಗಿ ಬಂದದ್ದು ೧೯೬೧ರಲ್ಲಿ. ಆಮೇಲೆ ಒಂದು ಸಾಲಿನಷ್ಟು ಖಾಲಿ ಜಾಗ. ಅದರ ಕೆಳಗೆ ೧೯೮೧, ಮರಳಿ ಬಳಸಬಲ್ಲ ಮೊದಲ ಬಾಹ್ಯಾಕಾಶ ನೌಕೆ ನೆಲ ಬಿಟ್ಟದ್ದು. ಹಾಳೆಯ ಅಂಚಿನಲ್ಲಿ ಸಣ್ಣದಾಗಿ ಹೀಗೆ ಬರೆದಿತ್ತು: 'ಖಾಲಿ ಜಾಗದಲ್ಲಿ ಬೇರೆ ಏನನ್ನೂ ತುಂಬಬೇಡಿ. ಮಗಳನ್ನು ಕೇಳಿ ಕೊಡುತ್ತೇನೆ.'

"ನಿಮ್ಮನ್ನ ಕೇಳಿದ್ರಾ?"

"ಇಲ್ಲ," ಎಂದಳು ಮಗಳು. ಅದು ನಿಜವೇ. ಈ ವರ್ಷ ಕೇಳಿರಲಿಲ್ಲ.

"ನಿಮಗೇನಾದ್ರೂ ಗೊತ್ತಾ?"

ಅವಳು ಮತ್ತೆ ಡ್ರಾಯರಿಗೆ ಕೈ ಹಾಕಿದಳು. ಅವಳ ಬೆವರಿದ ಅಂಗೈಯಿಂದ ಹಿಡಿಕೆ ಜಾರಿತು.

"ಐದು ಗಂಟೆಗೆ ಪುಟ ಹೋಗಬೇಕಕ್ಕಾ. ಜಾಗ ಉಳಿದ್ರೆ ಹಾಸಿಗೆ ಜಾಹೀರಾತು ಹಾಕು ಅಂತ ಮೇಲಿನವರು ಹೇಳ್ತಿದ್ದಾರೆ. ಆ ಮನುಷ್ಯನ ಕೊನೇ ಅಂಕಣದ ಮಧ್ಯೆ ಹಾಸಿಗೆ! ನನ್ನ ಕೈಲಿ ಆಗಲ್ಲ."

ಅವಳು ಇನ್ನೊಂದು ಸಲ ಜಗ್ಗಿದಳು. ಡ್ರಾಯರು ಕಿರ್ರೆಂದು ಹೊರಗೆ ಬಂತು. ಕಾರ್ಡುಗಳ ಹಿಂದೆ, ಮೇಲಿನ ಹಲಗೆಗೆ ಸಿಕ್ಕಿಕೊಂಡು ಸುಕ್ಕಾದ ಒಂದು ದಪ್ಪ ಹಳದಿ ಲಕೋಟೆ. ಬಾಯಿಗೆ ಅಂಟು ಹಚ್ಚಿ ಭದ್ರವಾಗಿ ಮುಚ್ಚಿತ್ತು.

*

ಮುಂದಿನ ಕೋಣೆಯಲ್ಲಿ ಮಾತು ಜೋರಾಗಿ ನಡೆದಿತ್ತು. ತುಂಬು ವಯಸ್ಸಿನ ಸಾವಿಗೆ ಬಂದವರು ಅಳುವುದಕ್ಕಿಂತ ಹೆಚ್ಚಾಗಿ ನೆನೆಯುತ್ತಾರೆ.

"ನಮ್ಮ ಅಂಗಡಿ ಕನ್ನಡಿ ಪಕ್ಕದಲ್ಲಿ ದಿನಾ ಅಂಟಿಸ್ತೀನಿ," ಎನ್ನುತ್ತಿದ್ದ ಕ್ಷೌರದಂಗಡಿಯವನು. "ಈ ಕೆನ್ನೆ ಮುಗಿಯೋದ್ರೊಳಗೆ ಒಂದು ಸಾಮ್ರಾಜ್ಯ ಬಿದ್ದಿರತ್ತೆ, ಆ ಕೆನ್ನೆ ಮುಗಿಯೋದ್ರೊಳಗೆ ಯಾರೋ ಧ್ರುವಕ್ಕೆ ಹೋಗಿ ಬಾವುಟ ನೆಟ್ಟಿರ್ತಾರೆ. ಗಿರಾಕಿ ಬರುವಾಗ ಕುಗ್ಗಿಕೊಂಡು ಬರ್ತಾನೆ, ಹೋಗುವಾಗ ಏನೋ ದೊಡ್ಡದರಲ್ಲಿ ತಾನೂ ಒಬ್ಬ ಅನ್ನೋ ಹಾಗೆ ಎದೆ ಉಬ್ಬಿಸಿಕೊಂಡು ಹೋಗ್ತಾನೆ. ನನ್ನ ಕತ್ತರಿಯಿಂದ ಆಗೋ ಕೆಲಸ ಅಲ್ಲ ಅದು."

"ಅಂಕಣ ಹಿಡಿಯೋಕೆ ಮುಂಚೆ, ಹೆಣ್ಣು ನೋಡೋಕೆ ಹೋದಾಗಲೂ ಅದೇ ಕತೆ," ಎಂದರು ಸೋದರತ್ತೆ, ಸತ್ತವರ ತಂಗಿ. "ಹುಡುಗಿ ಎದುರಿಗೆ ಕೂತಿದ್ದಾಳೆ, ಇವನು 'ಈ ದಿನ ಜ್ವಾಲಾಮುಖಿ ಸಿಡಿದು ಒಂದು ದ್ವೀಪವೇ ಹೋಯ್ತು' ಅಂದ. ನಾವೆಲ್ಲ ಸಂಬಂಧ ಕೆಟ್ಟಿತು ಅಂತ ತಲೆ ಮೇಲೆ ಕೈ ಹೊತ್ತು ಕೂತ್ವಿ. ಅವಳು ಏನ್ ಕೇಳಿದ್ಲು ಗೊತ್ತಾ? 'ಆಮೇಲೆ ಏನಾಯ್ತು?' ಅಂತ. ಮುಗೀತು. ಅಲ್ಲಿಗೇ ಮದುವೆ ಗಟ್ಟಿ."

ಎಲ್ಲರೂ ನಕ್ಕರು, ನಕ್ಕು ಪೆಟ್ಟಿಗೆಯ ಕಡೆ ನೋಡಿದರು.

ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೋಲೂರಿ ಕೂತಿದ್ದವರು ಮಾತ್ರ ನಗಲಿಲ್ಲ. ಅವರು ಪತ್ರಿಕೆಯ ನಿವೃತ್ತ ಕರಡು ತಿದ್ದುವವರು. ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುವ ಅಭ್ಯಾಸದಿಂದ ಕಚೇರಿಯವರು ಅವರಿಗೆ 'ಅಲ್ಪವಿರಾಮ' ಎಂದು ಹೆಸರಿಟ್ಟಿದ್ದರು. ಮಗಳ ಕೈಯಲ್ಲಿದ್ದ ಹಳದಿ ಲಕೋಟೆ ಕಂಡದ್ದೇ ಅವರು ಎದ್ದು ನಿಂತರು.

"ಅದನ್ನ, ಒಡೆಯಬೇಡಿ."

ಪುಟ ಕಟ್ಟುವವನು ಆಗಲೇ ಅಂಚಿಗೆ ಉಗುರು ಹಾಕಿದ್ದ. "ಯಾಕೆ ಸಾರ್? ಸಾಲು ಇದರಲ್ಲೇ ಇರ್ಬೇಕು."

"ಇದೆ. ಆದ್ರೆ, ಹಳದಿ ಅಂದ್ರೆ, ಒಂದೇ ಸಾಕ್ಷಿ."

*

ಅಪ್ಪ ಅಂಕಣ ಹಿಡಿದ ಮೊದಲ ವರ್ಷವೇ ಒಬ್ಬ ಮನುಷ್ಯನನ್ನು ಕೊಂದಿದ್ದರು. ಊರಿನ ಮೊದಲ ಗಡಿಯಾರ ಗೋಪುರ ಕಟ್ಟಿದ ಮೇಸ್ತ್ರಿ ಈ ದಿನ ತೀರಿಕೊಂಡರು ಎಂದು, ಯಾರೋ ಹೇಳಿದ ಮಾತು ನಂಬಿ ಬರೆದುಬಿಟ್ಟರು. ಮಧ್ಯಾಹ್ನ ಹನ್ನೆರಡಕ್ಕೆ ಆ ಮೇಸ್ತ್ರಿ ಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಚೇರಿಗೆ ಬಂದ.

"ನಾನು ಸತ್ತು ಆರು ವರ್ಷ ಆಯ್ತಂತೆ," ಎಂದ. "ಹೆಂಡತಿ ನನಗೆ ಹೇಳೇ ಇರಲಿಲ್ಲ."

ಕಚೇರಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅಪ್ಪ ನಗಲಿಲ್ಲ. ಮೇಸ್ತ್ರಿಯನ್ನು ಕೂರಿಸಿ, ಚಹಾ ತರಿಸಿ, ಕೈ ಹಿಡಿದುಕೊಂಡು ಕ್ಷಮೆ ಕೇಳಿದರು. ಆ ಸಂಜೆಯೇ ನಿಯಮ ಮಾಡಿಕೊಂಡರು: ಯಾವ ಸಂಗತಿಗಾದರೂ ಎರಡು ಸಾಕ್ಷಿ ಬೇಕು. ಎರಡನೆಯವರು ಮೊದಲನೆಯವರ ಹೇಳಿಕೆಯನ್ನು ಓದಿರಬಾರದು, ಕೇಳಿರಬಾರದು. ಎರಡೂ ತಾಳೆಯಾದರೆ ಕಾರ್ಡಿಗೆ ಕೆಂಪು ಗುರುತು. ಒಂದೇ ಇದ್ದರೆ ಹಳದಿ ಲಕೋಟೆಗೆ ಹಾಕಿ, ಬಾಯಿ ಅಂಟಿಸಿ, ಡ್ರಾಯರಿನ ಹಿಂಬದಿಗೆ. ಎರಡನೆಯ ಸಾಕ್ಷಿ ಬರುವವರೆಗೂ ಅದು ಅಲ್ಲೇ ಕಾಯಬೇಕು. ಅದು ಚಕ್ರವರ್ತಿಯ ಸುದ್ದಿಯಾದರೂ ಅಷ್ಟೇ, ಬೀದಿಯ ಸುದ್ದಿಯಾದರೂ ಅಷ್ಟೇ.

*

ಅಲ್ಪವಿರಾಮ ಲಕೋಟೆಯನ್ನು ತಿರುಗಿಸಿ ಕಣ್ಣಿನ ಹತ್ತಿರ ಹಿಡಿದರು. ಆಮೇಲೆ ಅದನ್ನು ಮಗಳ ಕೈಗೆ ಕೊಟ್ಟರು.

'ಸಾಕ್ಷಿ ೧: ನಾನು. ಸಾಕ್ಷಿ ೨:' ಎಂದು ಬರೆದು ಮುಂದೆ ಜಾಗ ಬಿಟ್ಟಿತ್ತು. ಅದರ ಕೆಳಗೆ: 'ಮಗಳು ಜೊತೆಗಿದ್ದಳು. ನೋಡಲಿಲ್ಲ ಎಂದಳು.' ಅದರ ಕೆಳಗೆ ವರ್ಷಗಳ ಸಾಲು. ಬೇರೆ ಬೇರೆ ಶಾಯಿ, ಬೇರೆ ಬೇರೆ ಪೆನ್ನು, ಅಕ್ಷರ ಬರಬರುತ್ತಾ ನಡುಗುತ್ತಾ ಹೋಗಿತ್ತು. '೮೦, ನೆನಪಿಲ್ಲ ಎಂದಳು. ೮೧, ಇಲ್ಲ. ೮೨, ಇಲ್ಲ.' ಹೀಗೇ ಲಕೋಟೆಯ ತುದಿಯವರೆಗೂ, ಆಮೇಲೆ ಬೆನ್ನಿಗೂ. '೯೮, ಕೇಳಲಿಲ್ಲ. ಅವಳ ಅಮ್ಮ ಹೋಗಿ ಹತ್ತು ದಿನ.' '೯೯, ಇಲ್ಲ.' ಎಲ್ಲಕ್ಕಿಂತ ಕೆಳಗೆ '೨೩' ಎಂದು ಬರೆದು ನಿಲ್ಲಿಸಿದ್ದರು.

ಪ್ರತಿ ವರ್ಷ ಏಪ್ರಿಲ್ ಹನ್ನೊಂದಕ್ಕೆ ಅಪ್ಪ ಕೇಳುತ್ತಿದ್ದರು. ಚಿಕ್ಕವಳಿದ್ದಾಗ ಊಟದ ಹೊತ್ತಿಗೆ, ಮದುವೆಯಾದ ಮೇಲೆ ಫೋನಿನಲ್ಲಿ. "ನಾಳೆ ಹನ್ನೆರಡು. ಏನಾದ್ರೂ ನೆನಪಾಯ್ತಾ?" ಅವಳು "ಏನಪ್ಪಾ?" ಎನ್ನುತ್ತಿದ್ದಳು. "ಏನಿಲ್ಲ, ಸುಮ್ನೆ ಕೇಳ್ದೆ," ಎಂದು ಅವರು ಮಾತು ಬದಲಿಸುತ್ತಿದ್ದರು. ಏನು ಕೇಳುತ್ತಿದ್ದಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೊದಮೊದಲು ಸಿಟ್ಟಿಗೆ ಹೇಳಲಿಲ್ಲ. ಆಮೇಲೆ ನಾಚಿಕೆಗೆ ಹೇಳಲಿಲ್ಲ. ಇಷ್ಟು ವರ್ಷ ಬಿಟ್ಟು ಈಗ ಹೇಳಿದರೆ ಏನೆಂದುಕೊಳ್ಳುತ್ತಾರೋ ಎಂದು ಆಮೇಲೂ ಹೇಳಲಿಲ್ಲ. ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ. "ಊರಿಗೆಲ್ಲ ಕಾಣ್ತಾ, ಕಾಣ್ತಾ ಅಂತ ಕೇಳೋಳು ನನ್ನ ಮಗಳು," ಎಂದು ಅಪ್ಪ ಎಲ್ಲರ ಮುಂದೆ ಹೆಮ್ಮೆಯಿಂದ ಹೇಳುವಾಗಲೆಲ್ಲ ಅವಳಿಗೆ ಚುರುಕ್ಕೆನ್ನುತ್ತಿತ್ತು.

"ನಡೀರಿ, ವ್ಯಾನ್ ಬಂತು," ಎಂದು ಯಾರೋ ಕೂಗಿದರು.

*

ಅವಳಿಗೆ ಆಗ ಏಳು ವರ್ಷ. 'ನನ್ನ ಅಪ್ಪನ ಕೆಲಸ' ಎಂದು ಚಿತ್ರ ಬರೆದುಕೊಂಡು ಬರಲು ಶಾಲೆಯಲ್ಲಿ ಹೇಳಿದ್ದರು. ಎರಡು ಸಂಜೆ ಕೂತು ಬರೆದಿದ್ದಳು. ದೊಡ್ಡ ಮೇಜು, ಮೇಜಿನ ಹಿಂದೆ ಅಪ್ಪ, ಅಪ್ಪನ ಕೈಯಲ್ಲಿ ಅಪ್ಪನಷ್ಟೇ ಉದ್ದದ ಪೆನ್ನು. ಬೆಳಗ್ಗೆ ಎದ್ದು ನೋಡಿದರೆ, ಚಿತ್ರದ ಬೆನ್ನಿನ ಮೇಲೆಲ್ಲ ಅಪ್ಪ ತಾರೀಖುಗಳನ್ನು ಗೀಚಿದ್ದರು. ಕೈಗೆ ಸಿಕ್ಕ ಕಾಗದವನ್ನು ತಿರುಗಿಸಿ ನೋಡದೆ ಬರೆಯುವುದು ಅವರ ಹುಟ್ಟುಗುಣ. ಶಾಯಿ ಇಂಗಿ ಈಚೆಗೆ ಬಂದು, ಅಪ್ಪನ ಮುಖದ ಮೇಲೆ ಒಂದು ಯುದ್ಧವೂ ಎರಡು ಸಂಧಾನವೂ ಮೂಡಿದ್ದವು.

ಅವಳು ಮನೆ ಹಾರಿಹೋಗುವ ಹಾಗೆ ಅತ್ತಳು. ಸಮಾಧಾನ ಮಾಡುವುದು ಅಪ್ಪನಿಗೆ ಬರುತ್ತಿರಲಿಲ್ಲ. ಹೊಳೆಯ ಸೇತುವೆಯ ತನಕ ಕರೆದುಕೊಂಡು ಹೋದರು. ಕಾರ್ಖಾನೆಯ ಬೆಳಗಿನ ಸೈರನ್ ಆಗಷ್ಟೇ ನಿಂತಿತ್ತು. ಮಂಜು, ಸೇತುವೆಯ ಮೇಲೆ ನರಪಿಳ್ಳೆಯೂ ಇಲ್ಲ.

"ಹಾಳಾಗಿದ್ದು ಹಾಳಾಯ್ತು. ಇದನ್ನ ದೋಣಿ ಮಾಡೋಣ. ಈ ಕಡೆ ಬಿಟ್ಟು, ಆ ಕಡೆ ಓಡಿ ಹೋಗಿ ನೋಡೋಣ," ಎಂದು ಅವರು ಚಿತ್ರವನ್ನು ಮಡಚಿದರು. ಅವಳು ಬೇಡ ಎನ್ನುವಷ್ಟರಲ್ಲಿ ದೋಣಿ ನೀರಿನಲ್ಲಿತ್ತು. ಈಗಂತೂ ಅವಳ ಸಿಟ್ಟು ನೆತ್ತಿಗೇರಿತು. ಆದರೂ ಕಾಲು ತಡೆಯದೆ ಆ ಬದಿಗೆ ಓಡಿದಳು.

ದೋಣಿ ಸೇತುವೆಯ ಅಡಿಯಿಂದ ಹೊರಬಂದು ನಾಲ್ಕು ಮಾರು ಹೋಯಿತು. ಅಲ್ಲಿ ನಿಂತಿತು. ಅದರ ಸುತ್ತ ತೇಲುತ್ತಿದ್ದ ಎಲೆಗಳೂ ನಿಂತವು. ನೀರಿನ ಸದ್ದು ಇದ್ದಕ್ಕಿದ್ದಂತೆ ಇಲ್ಲವಾಯಿತು, ಅಂಥ ಮೌನವನ್ನು ಅವಳು ಮತ್ತೆ ಎಂದೂ ಕೇಳಲಿಲ್ಲ. ಮರುಕ್ಷಣ ಇಡೀ ಹೊಳೆ, ಈ ದಡದಿಂದ ಆ ದಡದವರೆಗೆ, ಒಂದಿಷ್ಟೂ ಗಲಾಟೆ ಮಾಡದೆ ಹಿಂದಕ್ಕೆ ಹರಿಯತೊಡಗಿತು. ಎಲೆಗಳು ಬಂದವು, ಒಂದು ಮುರುಕು ಬುಟ್ಟಿ ಬಂತು, ಅವುಗಳ ನಡುವೆ ಅವಳ ದೋಣಿ ಮೂತಿಯನ್ನು ಈ ಕಡೆ ತಿರುಗಿಸಿಕೊಂಡು ಅವಳ ಕಾಲಡಿಗೆ ವಾಪಸು ಬಂತು. ಅವಳ ಮೈಯ ಕೂದಲೆಲ್ಲ ಎದ್ದು ನಿಂತವು. ಹೆದರಿಕೆಯಲ್ಲ, ಅದಕ್ಕಿಂತ ದೊಡ್ಡದು. ಲೋಕ ತಾನೊಬ್ಬಳಿಗೇ ಕಿವಿಯಲ್ಲಿ ಏನೋ ಹೇಳುತ್ತಿದೆ ಎಂಬ ಹಾಗೆ. ಪಕ್ಕದಲ್ಲಿ ಅಪ್ಪ ಕಂಬಿ ಹಿಡಿದು, ಬಾಯಿ ತೆರೆದು ನಿಂತಿದ್ದರು. ಆಮೇಲೆ ಹೊಳೆ ಮತ್ತೊಮ್ಮೆ ನಿಂತು, ಎಂದಿನ ದಾರಿ ಹಿಡಿಯಿತು.

"ನೋಡ್ದೆಯಾ?" ಅಪ್ಪ ಅವಳ ಕಡೆ ತಿರುಗಿದರು. "ಮಗೂ, ನೀನೂ ನೋಡ್ದೆ ತಾನೆ?"

ಅವರಿಗೆ ತನ್ನ 'ಹೂಂ' ಎಷ್ಟು ಬೇಕಾಗಿದೆ ಎಂಬುದು ಅವಳಿಗೆ ಆ ಮುಖದಲ್ಲೇ ಕಂಡಿತು. ಚಿತ್ರದ ಲೆಕ್ಕ ಇಲ್ಲಿಗೆ ತೀರಿತು ಎಂದುಕೊಂಡಳು.

"ಇಲ್ಲ. ನಾನು ನೋಡ್ಲಿಲ್ಲ."

"ಕಣ್ಣು ಬಿಟ್ಕೊಂಡೇ ಇದ್ದೆಯಲ್ಲ?"

"ಇದ್ದೆ. ನೋಡ್ಲಿಲ್ಲ."

ಅಪ್ಪ ಬೈಯಲಿಲ್ಲ, ಸುಳ್ಳಿ ಎನ್ನಲಿಲ್ಲ, ಆ ದಿನ ಮತ್ತೆ ಕೇಳಲೂ ಇಲ್ಲ. ಜೇಬಿನಿಂದ ಚೀಟಿ ತೆಗೆದು ಏನೋ ಬರೆದುಕೊಂಡರು. ಆಮೇಲೆ ಅವಳ ಕೈ ಹಿಡಿದು ಶಾಲೆಗೆ ಬಿಟ್ಟರು. ನೀರಾವರಿ ಕಚೇರಿಗೆ ಹೋಗಿ ವಿಚಾರಿಸಿದರಂತೆ. ನೀರಿನ ಮಟ್ಟ ಅಳೆಯುವ ಯಂತ್ರ ರಿಪೇರಿಗೆ ಹೋಗಿ ಮೂರು ದಿನವಾಗಿತ್ತು. ಹಾಗಾಗಿ ಆ ಬೆಳಗಿಗೆ ಲೋಕದಲ್ಲಿ ಉಳಿದ ಎರಡನೆಯ ಸಾಕ್ಷಿ ಏಳು ವರ್ಷದ ಒಂದು ಹಟಮಾರಿ ಹುಡುಗಿ ಮಾತ್ರ.

*

ಚಿತಾಗಾರದಲ್ಲಿ ಮೂರೂವರೆಗೆ ಅವರ ಸರದಿ. ಉದ್ದನೆಯ ತಣ್ಣನೆಯ ಹಜಾರದಲ್ಲಿ ಎಲ್ಲರೂ ಬೆಂಚುಗಳ ಮೇಲೆ ಕೂತರು. ಆಚೆ ತುದಿಯಲ್ಲಿ ಕಬ್ಬಿಣದ ಬಾಗಿಲು, ಅದರ ಮುಂದೆ ಗಾಲಿಯ ಹಲಗೆ, ಹಲಗೆಯ ಮೇಲೆ ಅಪ್ಪನ ಪೆಟ್ಟಿಗೆ.

ಪುಟ ಕಟ್ಟುವವನು ಗಡಿಯಾರ ನೋಡಿಕೊಂಡು ಪಿಸುಗುಟ್ಟಿದ. "ಸಾರ್, ಇವತ್ತೊಂದು ದಿನಕ್ಕೆ ಒಂದೇ ಸಾಕ್ಷಿ ಸಾಕು. ಒಡೆದು ಹಾಕಿಬಿಡೋಣ. ಯಾರು ಕೇಳ್ತಾರೆ?"

"ಅವರು, ಕೇಳ್ತಾರೆ," ಎಂದು ಅಲ್ಪವಿರಾಮ ಪೆಟ್ಟಿಗೆಯ ಕಡೆ ಕೋಲು ತೋರಿಸಿದರು. "ನಲವತ್ನಾಲ್ಕು ವರ್ಷ, ಕಾದಿದ್ದಾರೆ. ಮನಸ್ಸು ಮಾಡಿದ್ರೆ, ಯಾವತ್ತು ಬೇಕಾದ್ರೂ, ಹಾಕಬಹುದಿತ್ತು. ಯಾರು ತಡೀತಿದ್ರು? ಮಗು, ನೋಡಲಿಲ್ಲ ಅಂದಿದೆ. ಅದರ ಮಾತಿಗೆ, ಬೆಲೆ ಕೊಟ್ಟು, ಸುಮ್ನಿದ್ರು."

ಮಗಳು ಎದ್ದು ನಿಂತಳು. ರಾಜರ ಶಾಸನಕ್ಕೆ ಕೊಟ್ಟ ತೂಕವನ್ನೇ ತನ್ನ ಒಂದು 'ಇಲ್ಲ'ಕ್ಕೂ ಕೊಟ್ಟ ಮನುಷ್ಯ ಅಲ್ಲಿ ಮಲಗಿದ್ದರು.

"ನಾನು ನೋಡಿದ್ದೆ," ಎಂದಳು.

ಸೋದರತ್ತೆ "ಏನೇ ಅದು?" ಎಂದರು.

"ಅವತ್ತು ನಾನು ಸುಳ್ಳು ಹೇಳ್ದೆ ಅತ್ತೆ. ಎಲ್ಲಾ ನೋಡಿದ್ದೆ. ಅಪ್ಪ ಪ್ರತಿ ವರ್ಷ ಕೇಳಿದ್ರು, ಪ್ರತಿ ವರ್ಷ ಸುಳ್ಳು ಹೇಳ್ದೆ." ಅವಳು ಅಲ್ಪವಿರಾಮರ ಕಡೆ ತಿರುಗಿದಳು. "ಈಗ ಹೇಳಿದ್ರೆ ನಡೆಯತ್ತಾ?"

ಅಲ್ಪವಿರಾಮ ಅವಳನ್ನು ಸಂತೈಸಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಮೊಣಕಾಲಿನ ಮೇಲೆ ಹಾಳೆ ಇಟ್ಟುಕೊಂಡರು. "ಲಕೋಟೆ, ಒಡೆದಿಲ್ಲ ತಾನೆ? ಸರಿ. ಏನು, ನೋಡಿದ್ದು?"

"ಹೊಳೆ ಹಿಂದಕ್ಕೆ ಹರೀತು."

ಕ್ಷೌರದಂಗಡಿಯವನು ಮುಂದಕ್ಕೆ ಬಾಗಿದ.

"ಹೊತ್ತು?"

"ಕಾರ್ಖಾನೆ ಸೈರನ್ ಆಗಿತ್ತು. ಆರೂ ಮುಕ್ಕಾಲು."

"ನಿಂತಿದ್ದು, ಯಾವ ಬದಿ?"

"ಕೆಳಗಿನ ಬದಿ. ದೋಣಿ ಬಿಟ್ಟಿದ್ದು ಮೇಲಿನ ಬದಿಯಿಂದ. ಕಾಗದದ ದೋಣಿ. ಅದು ಹೋಗಿ, ನಿಂತು, ವಾಪಸ್ ಬಂತು. ಒಂದು ಬುಟ್ಟಿನೂ ಬಂತು, ಮುರಿದಿದ್ದು."

"ಎಷ್ಟು ಹೊತ್ತು, ಹರೀತು?"

"ಮೂವತ್ತೇಳು."

"ಏನು, ಮೂವತ್ತೇಳು?"

"ಎಣಿಕೆ. ನನಗೆ ಆಗಷ್ಟೇ ನೂರರ ತನಕ ಎಣಿಸೋಕೆ ಬರ್ತಿತ್ತು. ಮನಸ್ಸಿನಲ್ಲೇ ಎಣಿಸ್ದೆ. ಯಾರಿಗೂ ಹೇಳಿಲ್ಲ."

ಅಲ್ಪವಿರಾಮ ಎಲ್ಲವನ್ನೂ ಬರೆದುಕೊಂಡು, ಅವಳ ಸಹಿ ಹಾಕಿಸಿದರು. ಆಮೇಲೆ ಲಕೋಟೆಯನ್ನು ಒಡೆದರು. ಒಳಗಿನ ಕಾರ್ಡನ್ನು ಓದುತ್ತಾ ಹೋದವರು ಒಂದು ಕಡೆ ನಿಂತರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ಓದಿದರು.

"'ಅವಧಿ ಮೂವತ್ತೇಳು ಎಣಿಕೆ,'" ಎಂದು ಓದಿದರು. ಜೀವನದಲ್ಲಿ ಮೊದಲ ಬಾರಿಗೆ ಅವರು ಒಂದು ವಾಕ್ಯವನ್ನು ಎಲ್ಲೂ ನಿಲ್ಲಿಸದೆ ಮುಗಿಸಿದ್ದರು.

ಕ್ಷೌರದಂಗಡಿಯವನು ಎದ್ದು ನಿಂತ, ಯಾಕೆಂದು ಅವನಿಗೇ ತಿಳಿದಂತಿರಲಿಲ್ಲ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದು ನಿಂತರು. ಎದ್ದವರಿಗೆಲ್ಲ ಆ ಹೊಳೆ ಗೊತ್ತು. ದಿನಾ ದಾಟಿ ಓಡಾಡುವ ಅದೇ ಹೊಳೆ.

ಪುಟ ಕಟ್ಟುವವನು ಫೋನಿನಲ್ಲಿ ಸಾಲನ್ನು ಟೈಪು ಮಾಡಿ ತೋರಿಸಿದ. ಅಲ್ಪವಿರಾಮ ಒಂದು ಅಲ್ಪವಿರಾಮ ಕಿತ್ತುಹಾಕಿಸಿ, "ಮನುಷ್ಯ ಬಾಹ್ಯಾಕಾಶಕ್ಕೆ ಹೋಗಿದ್ದು ಆದ್ಮೇಲೆ, ನೌಕೆಗೆ ಮೊದಲು. ಅಲ್ಲಿ, ಜಾಗ ಬಿಟ್ಟಿದ್ದಾರೆ," ಎಂದರು. ಸಾಲು ಹೀಗಿತ್ತು:

'೧೯೭೯: ನಮ್ಮೂರ ಹೊಳೆ ಮೂವತ್ತೇಳು ಎಣಿಸುವಷ್ಟು ಹೊತ್ತು ಹಿಂದಕ್ಕೆ ಹರಿಯಿತು. ಕಾರಣ ತಿಳಿದಿಲ್ಲ. ಕಂಡವರು ಇಬ್ಬರು.'

ಲಕೋಟೆಯಲ್ಲಿ ಇನ್ನೂ ಏನೋ ಇತ್ತು. ಮಗಳು ಬೆರಳು ಹಾಕಿ ಹೊರಗೆಳೆದಳು. ನೀರಿನಲ್ಲಿ ನೆನೆದು ಒಣಗಿ ಗಡುಸಾದ ಒಂದು ಕಾಗದ. ಒಂದು ಮಗ್ಗುಲಲ್ಲಿ ತಾರೀಖುಗಳು ಅಳಿಸಿಹೋಗಿದ್ದವು. ಇನ್ನೊಂದು ಮಗ್ಗುಲಲ್ಲಿ ದೊಡ್ಡ ಮೇಜು, ಮೇಜಿನ ಹಿಂದೆ ಅಪ್ಪ, ಅಪ್ಪನಷ್ಟೇ ಉದ್ದದ ಪೆನ್ನು. ಮೇಣದ ಬಳಪದ ಬಣ್ಣ ಹೋಗಿರಲಿಲ್ಲ. ಅವಳನ್ನು ಶಾಲೆಗೆ ಬಿಟ್ಟು ಬಂದು, ಕೆಳಗೆಲ್ಲೋ ದಡಕ್ಕೆ ಸಿಕ್ಕಿಕೊಂಡಿದ್ದ ದೋಣಿಗಾಗಿ ಅವರು ಹೊಳೆಗಿಳಿದಿರಬೇಕು.

"ಹೊತ್ತಾಯ್ತಮ್ಮ," ಎಂದ ಕಬ್ಬಿಣದ ಬಾಗಿಲಿನ ಕೆಲಸದವನು.

ಅವಳು ಕಾಗದವನ್ನು ಹಳೆಯ ಗೀರಿನ ಮೇಲೇ ಮಡಚಿದಳು. ಯೋಚಿಸಬೇಕಾಗಲಿಲ್ಲ, ಮಡಿಕೆಗಳು ತಾವಾಗಿಯೇ ಕೂತವು. ದೋಣಿಯನ್ನು ಅಪ್ಪನ ಎದೆಯ ಮೇಲೆ, ಜೋಡಿಸಿದ ಕೈಗಳ ಪಕ್ಕದಲ್ಲಿಟ್ಟಳು.

"ನೋಡ್ದೆ ಅಪ್ಪಾ," ಎಂದಳು.

ಪೆಟ್ಟಿಗೆಯ ಮುಚ್ಚಳ ಹಾಕಿದರು. ಗಾಲಿಗಳು ಕದಲಿದವು. ಹಲಗೆ ಒಳಗೆ ಹೋಯಿತು, ಕಬ್ಬಿಣದ ಬಾಗಿಲು ನಿಧಾನವಾಗಿ ಇಳಿದು ನೆಲ ಮುಟ್ಟಿತು. ಕೆಲಸದವನು ಇವರ ಕಡೆ ತಿರುಗಿ, ಇನ್ನು ಹೊರಡಬಹುದು ಎಂದು ತಲೆಯಾಡಿಸಿದ.

ಯಾರೂ ಹೊರಡಲಿಲ್ಲ. ಮಗಳ ತುಟಿ ಅಲುಗುತ್ತಿತ್ತು. ಪಕ್ಕದಲ್ಲಿ ಸೋದರತ್ತೆಯ ತುಟಿಯೂ, ಅವರಾಚೆ ಕ್ಷೌರದಂಗಡಿಯವನದೂ. ಅಲ್ಪವಿರಾಮ ಕೋಲಿನ ತುದಿಯನ್ನು ನೆಲಕ್ಕೆ ಮೆಲ್ಲಗೆ ತಟ್ಟುತ್ತಿದ್ದರು, ಒಂದೊಂದು ಎಣಿಕೆಗೆ ಒಂದೊಂದು. ಹಜಾರದಲ್ಲಿದ್ದವರೆಲ್ಲ ಮುಚ್ಚಿದ ಆ ಬಾಗಿಲನ್ನೇ ನೋಡುತ್ತಾ, ಮೂವತ್ತೇಳರವರೆಗೆ, ಕದಲದೆ ನಿಂತಿದ್ದರು.